ಕೊನೆಯ ತುತ್ತಿನ ಮೇಲೆ ಸುಳ್ಳು ಆರೋಪ: ಐಬಿಎಸ್ ಮತ್ತು ಆತಂಕದ ಬಗ್ಗೆ ನನ್ನ ಟಿಪ್ಪಣಿ

ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐಬಿಎಸ್ ಎಂಬ ಕರುಳಿನ ತೊಂದರೆ, ಏನೆಂದು ಇದನ್ನು ಓದುವವರಿಗೆ ಅನುಭವದಿಂದಲೇ ಗೊತ್ತಿರುತ್ತದೆ. ಆದ್ದರಿಂದ ವ್ಯಾಖ್ಯೆಯನ್ನು ಬೇಗ ಮುಗಿಸುತ್ತೇನೆ. ವೈದ್ಯರು ಇದನ್ನು ಗುರುತಿಸಲು ಬಳಸುವ 2016ರ ರೋಮ್ 4 ಮಾನದಂಡದಂತೆ, ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಅದರ ಜೊತೆಗೆ ಈ ಮೂರರಲ್ಲಿ ಎರಡು ಇರಬೇಕು: ನೋವಿಗೂ ಮಲವಿಸರ್ಜನೆಗೂ ನಂಟು, ಎಷ್ಟು ಸಲ ಹೋಗುತ್ತೇವೆ ಎಂಬುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ. ತೊಂದರೆ ಶುರುವಾಗಿ 6 ತಿಂಗಳಾಗಿರಬೇಕು. ಮಲಬದ್ಧತೆಯದು, ಭೇದಿಯದು, ಎರಡೂ ಬೆರೆತದ್ದು ಎಂದು ವಿಧಗಳಿವೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆಯವರಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ. ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ಕಾಣಿ, ಟಿಪ್ಪಣಿ ಆಮೇಲೆ ಓದಬಹುದು.

ನಾನು ಮುಗ್ಗರಿಸಿದ ಜಾಗ

ಎಲ್ಲರೂ ಹೇಳುವಂತೆ ನಾನೂ ಊಟದ ದಿನಚರಿ ಬರೆಯತೊಡಗಿದೆ. ತಿಂದದ್ದು ಒಂದು ಸಾಲು, ನೋವು ಬಂದ ಹೊತ್ತು ಇನ್ನೊಂದು ಸಾಲು. ಊಟ ಮುಗಿದು ಕಾಲು ಗಂಟೆಗೆ ಹೊಟ್ಟೆ ಹಿಂಡಿದರೆ ತಟ್ಟೆಯಲ್ಲಿದ್ದ ಪದಾರ್ಥದ ಹೆಸರಿಗೆ ಅಡ್ಡಗೆರೆ. ಹೀಗೆ 2 ತಿಂಗಳಲ್ಲಿ ನನ್ನ ತಟ್ಟೆಯಲ್ಲಿ ಉಳಿದದ್ದು ಅನ್ನ, ಬಾಳೆಹಣ್ಣು, ಬೇಯಿಸಿದ ಕ್ಯಾರೆಟ್. ಆಮೇಲೆ ಅನ್ನ ಉಂಡರೂ ನೋವು ಬಂತು! ಆವತ್ತು ಅನ್ನದ ಹೆಸರಿಗೂ ಪೆನ್ನು ಇಟ್ಟವನು ಅಲ್ಲೇ ನಿಂತೆ. ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಅನ್ನಿಸಿತು.

ತಪ್ಪಿದ್ದದ್ದು ಗಡಿಯಾರದಲ್ಲಿ. ಇದನ್ನು ಸ್ವಲ್ಪ ಎಳೆದೇ ಬರೆಯುತ್ತೇನೆ, ಏಕೆಂದರೆ ನನಗೆ ಮೂರು ಸಲ ಓದಿದರೂ ತಲೆಗೆ ಹೋಗಿರಲಿಲ್ಲ.

ಈಗ ನುಂಗಿದ ತುತ್ತು ಹೊಟ್ಟೆಯಲ್ಲಿ (ಅಂದರೆ ಜಠರದಲ್ಲಿ) ಕೆಲವು ಗಂಟೆ, ಸಣ್ಣ ಕರುಳಿನಲ್ಲಿ ಇನ್ನು ಕೆಲವು ಗಂಟೆ ಕಳೆದು ದೊಡ್ಡ ಕರುಳನ್ನು ಮುಟ್ಟುತ್ತದೆ. ಗಟ್ಟಿ ಆಹಾರಕ್ಕೆ ಒಟ್ಟು ಸುಮಾರು 4ರಿಂದ 8 ಗಂಟೆ ಎಂದು ಇಟ್ಟುಕೊಳ್ಳಿ, ದ್ರವ ಬೇಗ ತಲುಪುತ್ತದೆ. ಹುದುಗಿ ಗ್ಯಾಸ್ ಹುಟ್ಟುವುದು ಮುಖ್ಯವಾಗಿ ಅಲ್ಲಿ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಂದ. ಅಂದಮೇಲೆ 1 ಗಂಟೆಗೆ ಉಂಡು 1:15ಕ್ಕೆ ನೋವು ಬಂದರೆ, ಆ ಊಟ ಇನ್ನೂ ಹೊಟ್ಟೆಯಲ್ಲೇ ಇದೆ. ನೋವು ಇರುವುದು ದೊಡ್ಡ ಕರುಳಿನಲ್ಲಿ. ಊಟ ಅಲ್ಲಿಗೆ ಹೋಗಿಯೇ ಇಲ್ಲ!

ಹಾಗಾದರೆ ನೋವು ಏಕೆ? ಹೊಟ್ಟೆ ಹಿಗ್ಗಿದಾಗ ಅದು ನರಗಳ ಮೂಲಕವೂ ಹಾರ್ಮೋನ್‌ಗಳ ಮೂಲಕವೂ ದೊಡ್ಡ ಕರುಳಿಗೆ "ಮೇಲಿಂದ ಬರುತ್ತಿದೆ, ಜಾಗ ಮಾಡು" ಎಂದು ತಿಳಿಸುತ್ತದೆ. ಇದಕ್ಕೆ ಗ್ಯಾಸ್ಟ್ರೋಕೋಲಿಕ್ ರಿಫ್ಲೆಕ್ಸ್ ಎಂದು ಹೆಸರು. ಎಲ್ಲರಲ್ಲೂ ಇದೆ, ಬೆಳಗ್ಗೆ ಜೋರು, ದೊಡ್ಡ ಊಟಕ್ಕೆ, ಜಿಡ್ಡಿನ ಊಟಕ್ಕೆ ಇನ್ನೂ ಜೋರು. ಕಾಫಿಯೂ ದೊಡ್ಡ ಕರುಳನ್ನು ಹೀಗೆಯೇ ಕೆಣಕುತ್ತದೆ. ಐಬಿಎಸ್ ಇರುವವರಲ್ಲಿ ಈ ಪ್ರತಿಕ್ರಿಯೆ ಅತಿಯಾಗುವುದುಂಟು, ಮೇಲಾಗಿ ಅದು ನೋವಾಗಿ ಅರಿವಿಗೆ ಬರುತ್ತದೆ.

ಹೀಗೆ ಎರಡು ಗಡಿಯಾರಗಳು. ಮೊದಲನೆಯದು ನಿಮಿಷಗಳದ್ದು: ಎಷ್ಟು ಉಂಡೆ, ಎಷ್ಟು ಅವಸರದಲ್ಲಿ ಉಂಡೆ, ಮನಸ್ಸು ಹೇಗಿತ್ತು ಎಂಬುದರ ಮೇಲೆ ಓಡುತ್ತದೆ. ಇನ್ನೊಂದು ಗಂಟೆಗಳದ್ದು: ಏನು ಉಂಡೆ ಎಂಬುದರ ಮೇಲೆ. ನಾನು ಮೊದಲನೆಯ ಗಡಿಯಾರ ನೋಡಿ ಎರಡನೆಯದರ ಮೇಲೆ ಕೇಸು ಹಾಕುತ್ತಿದ್ದೆ. (ಒಂದು ವಿನಾಯಿತಿ: ಫ್ರಕ್ಟೋಸ್, ಮ್ಯಾನಿಟಾಲ್‌ನಂಥ ಸಕ್ಕರೆ ಜಾತಿಯವು ಸಣ್ಣ ಕರುಳಿನಲ್ಲೇ ನೀರನ್ನು ಎಳೆದುಕೊಳ್ಳುತ್ತವೆ, ಅವು ಇನ್ನೂ ಬೇಗ ಸದ್ದು ಮಾಡಬಲ್ಲವು.)

ಆತಂಕ ಎಲ್ಲಿ ಒಳಬರುತ್ತದೆ

ನಿಮಿಷದ ಗಡಿಯಾರದಲ್ಲಿ. ಗಾಬರಿಯಾದಾಗ ಮೆದುಳು ಸಿಆರ್‌ಎಫ್ ಎಂಬ ರಾಸಾಯನಿಕ ಬಿಡುಗಡೆ ಮಾಡುತ್ತದೆ. ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ದೊಡ್ಡ ಕರುಳನ್ನು ಮಾತ್ರ ಚುರುಕಾಗಿಸುತ್ತದೆ. ಪರೀಕ್ಷೆಯ ಬೆಳಗ್ಗೆ ಮೇಲೆ ಭಾರ, ಕೆಳಗೆ ಅವಸರ, ಎರಡೂ ಒಟ್ಟಿಗೆ ಏಕೆ ಎಂಬುದು ಇದನ್ನು ಓದಿದಾಗ ತಿಳಿಯಿತು.

ದಾರಿ ಒಂದೇ ದಿಕ್ಕಿನದಲ್ಲ. ಮೆದುಳನ್ನೂ ಕರುಳನ್ನೂ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಸುಮಾರು 80% ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಆಸ್ಟ್ರೇಲಿಯಾದಲ್ಲಿ 12 ವರ್ಷ ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಮೊದಲು ಆತಂಕವಿದ್ದವರಲ್ಲಿ ಕೆಲವರಿಗೆ ಆಮೇಲೆ ಹೊಟ್ಟೆಯ ತೊಂದರೆ ಬಂತು, ಮೊದಲು ಹೊಟ್ಟೆಯ ತೊಂದರೆ ಇದ್ದವರಲ್ಲಿ ಕೆಲವರಿಗೆ ಆಮೇಲೆ ಆತಂಕ ಬಂತು. ಆದ್ದರಿಂದ "ಎಲ್ಲಾ ನಿನ್ನ ಮನಸ್ಸಿನಲ್ಲಿದೆ" ಎನ್ನುವವರ ಜೊತೆ ವಾದಕ್ಕೆ ನಿಲ್ಲುವುದನ್ನು ಬಿಟ್ಟಿದ್ದೇನೆ. ಅವರದು ಅರ್ಧ ಪಾಠ.

ಇನ್ನೊಂದು ಕೊಂಡಿ ಕರುಳಿನ ಅತಿಸೂಕ್ಷ್ಮತೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಂಆರ್‌ಐ ಹಿಡಿದು ನೋಡಿದಾಗ, ಇನ್ಯುಲಿನ್ ಎಂಬ ಹುದುಗುವ ನಾರು ಕುಡಿದ ಆರೋಗ್ಯವಂತರಲ್ಲೂ ಐಬಿಎಸ್ ಇರುವವರಲ್ಲೂ ಗ್ಯಾಸ್ ಹೆಚ್ಚುಕಡಿಮೆ ಒಂದೇ ರೀತಿ ಏರಿತ್ತು. ಹೆಚ್ಚು ನರಳಿದವರು ಮಾತ್ರ ಎರಡನೆಯ ಗುಂಪಿನವರು. ಗ್ಯಾಸ್ ಅಷ್ಟೇ, ಧ್ವನಿವರ್ಧಕ ಜೋರು. ಆತಂಕ ಆ ಧ್ವನಿವರ್ಧಕದ ಗುಂಡಿ ತಿರುಗಿಸುತ್ತದೆ. ಸ್ಕ್ಯಾನ್ ಸರಿಯಾಗಿದ್ದೂ ನೋವು ನಿಜವಾಗಿರುವುದು ಹೀಗೆ.

ನಿಮಿಷದ ಗಡಿಯಾರಕ್ಕೆ ಮಾಡುವುದು

ಊಟವನ್ನು ಒಡೆದು ಸಣ್ಣದು ಮಾಡುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ಕಾಫಿ–ಟೀ ದಿನಕ್ಕೆ 3 ಕಪ್ಪಿಗೆ ನಿಲ್ಲಿಸುವುದು. ಹೊರಡುವ ಹೊತ್ತಿಗಿಂತ 40 ನಿಮಿಷ ಮೊದಲೇ ತಿಂಡಿ ಮುಗಿಸುವುದು ನನ್ನ ನೆಚ್ಚಿನ ಉಪಾಯ. ರಿಫ್ಲೆಕ್ಸ್ ಬರಲಿ, ಮನೆಯಲ್ಲೇ ಬರಲಿ. ಮೊದಲು ಭಯದಿಂದ ತಿಂಡಿಯನ್ನೇ ಬಿಟ್ಟು ಓಡುತ್ತಿದ್ದೆ. ಆಮೇಲೆ ಮಧ್ಯಾಹ್ನ ಹಸಿದು ಒಮ್ಮೆಲೇ ಉಂಡು ಇನ್ನೂ ದೊಡ್ಡ ರಿಫ್ಲೆಕ್ಸ್ ಎಬ್ಬಿಸಿಕೊಳ್ಳುತ್ತಿದ್ದೆ.

ಉಸಿರಾಟ: 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ. ನಿಮಿಷಕ್ಕೆ 6 ಉಸಿರು ಆಗುತ್ತದೆ. ಎದೆ ಅಲ್ಲ, ಹೊಟ್ಟೆ ಏಳಬೇಕು. ಊಟಕ್ಕೆ ಮೊದಲು 5 ನಿಮಿಷ. ನೋವು ಬಂದಾಗ ಮಾತ್ರ ಮಾಡಿ "ಕೆಲಸ ಮಾಡಲಿಲ್ಲ" ಎಂದು ನಾನು ಎರಡು ಸಲ ಬಿಟ್ಟಿದ್ದೆ. ನೀರಿಗೆ ಬಿದ್ದ ಮೇಲೆ ಈಜು ಕಲಿಯಲು ಹೊರಟಂತೆ ಅದು. ಶಾಂತವಾಗಿರುವಾಗ ಅಭ್ಯಾಸವಾಗಿದ್ದರಷ್ಟೇ ಗಾಬರಿಯಲ್ಲಿ ಕೈಗೆ ಸಿಗುತ್ತದೆ.

ಕರುಳಿಗೆಂದೇ ರೂಪಿಸಿದ ಸಂಮೋಹನ ಚಿಕಿತ್ಸೆಯನ್ನು ಕೇಳಿ ಮೊದಲು ನಕ್ಕಿದ್ದೆ. ಮ್ಯಾಂಚೆಸ್ಟರ್‌ನ ಪೀಟರ್ ವೋರ್ವೆಲ್ 1984ರಲ್ಲೇ ಇದರ ಪ್ರಯೋಗ ಪ್ರಕಟಿಸಿದ್ದಾರೆ. 2016ರಲ್ಲಿ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇದನ್ನು ಮುಂದೆ ಹೇಳುವ ಫಾಡ್‌ಮ್ಯಾಪ್ ಪಥ್ಯದ ಜೊತೆ ಹೋಲಿಸಿದಾಗ ಹೊಟ್ಟೆಯ ಲಕ್ಷಣಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಮನಸ್ಸಿನ ವಿಷಯದಲ್ಲಿ ಸಂಮೋಹನ ಮುಂದು. ನಗು ನಿಂತಿತು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಗೂ ಒಳ್ಳೆಯ ಆಧಾರವಿದೆ, "ಟಾಯ್ಲೆಟ್ ಎಲ್ಲಿದೆ" ಎಂದು ಹೋದಲ್ಲೆಲ್ಲ ಹುಡುಕುವ ಚಾಳಿಗೆ ವಿಶೇಷವಾಗಿ.

ಗಂಟೆಗಳ ಗಡಿಯಾರಕ್ಕೆ ಮಾಡುವುದು

ಇಲ್ಲಿ ಬರುವುದೇ ಫಾಡ್‌ಮ್ಯಾಪ್, ಸರಿಯಾಗಿ ಹೀರಿಕೊಳ್ಳದೆ ಹುದುಗುವ ಸಣ್ಣ ಸಕ್ಕರೆಗಳ ಗುಂಪು. ಈ ಪಥ್ಯ ರೂಪುಗೊಂಡದ್ದು ಮೊನಾಶ್‌ನಲ್ಲೇ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯ ಫ್ರಕ್ಟಾನ್, ಬೇಳೆಕಾಳಿನ ಗ್ಯಾಲಕ್ಟಾನ್, ಹಾಲಿನ ಲ್ಯಾಕ್ಟೋಸ್, ಜೇನಿನ ಹೆಚ್ಚುವರಿ ಫ್ರಕ್ಟೋಸ್, ಅಣಬೆಯ ಮ್ಯಾನಿಟಾಲ್ ಇತ್ಯಾದಿ. ಹಂತ ಮೂರು. ಮೊದಲು 2ರಿಂದ 6 ವಾರ ಕಡಿತ, ಆಮೇಲೆ ಒಂದೊಂದೇ ಗುಂಪನ್ನು ಮರಳಿ ತಂದು ಪರೀಕ್ಷೆ, ಕೊನೆಗೆ ತನ್ನದೇ ಪಟ್ಟಿ. ಮೊದಲ ಹಂತದಲ್ಲೇ ಮನೆ ಕಟ್ಟಿಕೊಂಡು ಕೂರಬೇಡಿ. ನಾನು ಕೂತಿದ್ದೆ. ತಿನ್ನುವ ಭಯ ಬೆಳೆಯಿತು, ಭಯದಿಂದ ಮೊದಲನೆಯ ಗಡಿಯಾರ ಇನ್ನೂ ಕೆಟ್ಟಿತು. ತೂಕ ಕಡಿಮೆ ಇರುವವರು, ಊಟದ ಬಗ್ಗೆ ಈಗಾಗಲೇ ಹೆದರಿಕೆ ಇರುವವರು ಆಹಾರತಜ್ಞರಿಲ್ಲದೆ ಇದಕ್ಕೆ ಕೈ ಹಾಕಲೇಬಾರದು.

ಗೋಧಿ ಬಿಡುವ ಮೊದಲು ಸೀಲಿಯಾಕ್ ರೋಗದ (ಗೋಧಿಯ ಗ್ಲುಟೆನ್‌ನಿಂದ ಕರುಳು ಕೆಡುವ ರೋಗ) ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ರೋಗ ಇದ್ದರೂ ಇಲ್ಲವೆಂದು ಬರಬಹುದು.

ಮರಳಿ ತರುವಾಗ ಒಂದು ಗುಂಪಿಗೆ 3 ದಿನ, ಪ್ರಮಾಣ ಏರಿಸುತ್ತಾ, ಆಮೇಲೆ 2–3 ದಿನ ಬಿಡುವು. ನನ್ನ ದಿನಚರಿಯಲ್ಲಿ ಈಗ ಹೊಸ ಎರಡು ಸಾಲುಗಳಿವೆ: "6 ಗಂಟೆ ಹಿಂದೆ ಏನು ತಿಂದೆ" ಮತ್ತು "1 ಗಂಟೆ ಹಿಂದೆ ಕಳವಳ 10ಕ್ಕೆ ಎಷ್ಟು". ಈ ಎರಡನೇ ಸಾಲು ಬಂದಮೇಲೆ ಅನ್ನಕ್ಕೆ ಬಿಡುಗಡೆ ಸಿಕ್ಕಿತು. ಅನ್ನ ಉಂಡು ನೋವು ಬಂದ ದಿನಗಳೆಲ್ಲ ಕಳವಳ 7ರ ಮೇಲಿನ ದಿನಗಳು.

ಚಿಲ್ಲರೆ ವಿಷಯಗಳು

ನಾರು ಅಂದರೆ ಎಲ್ಲವೂ ಒಂದೇ ಅಲ್ಲ. ಇಸಬ್‌ಗೋಲ್‌ನಂಥ ಕರಗುವ ನಾರು ಒಳ್ಳೆಯದು, ಗೋಧಿ ಬೂಸಾ ಹಲವರಿಗೆ ಉಬ್ಬರ ಹೆಚ್ಚಿಸುತ್ತದೆ. ಇಸಬ್‌ಗೋಲ್ ಅನ್ನು ಸ್ವಲ್ಪದಿಂದ ಶುರು ಮಾಡಿ, ನೀರು ಧಾರಾಳವಾಗಿ ಕುಡಿಯಿರಿ.

ಪೆಪ್ಪರ್‌ಮಿಂಟ್ ಎಣ್ಣೆಯ ಮೆಂಥಾಲ್ ಕರುಳಿನ ಸ್ನಾಯುವಿಗೆ ಕ್ಯಾಲ್ಸಿಯಂ ಹೋಗದಂತೆ ತಡೆದು ಸೆಳೆತ ಸಡಿಲಿಸುತ್ತದೆ. ಹೊಟ್ಟೆಯಲ್ಲಿ ಒಡೆಯದೆ ಕರುಳಿನಲ್ಲಿ ಕರಗುವ ಕ್ಯಾಪ್ಸೂಲ್ ಬೇಕು, ಇಲ್ಲದಿದ್ದರೆ ಎದೆಯುರಿ. "ನೈಸರ್ಗಿಕ" ಎಂದಮಾತ್ರಕ್ಕೆ ಸಾಧು ಎಂದಲ್ಲ: ಆತಂಕಕ್ಕೆಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಖಿನ್ನತೆಯ ಮಾತ್ರೆಗಳ ಜೊತೆಗೂ ಗರ್ಭನಿರೋಧಕ ಮಾತ್ರೆಗಳ ಜೊತೆಗೂ ಅಪಾಯಕಾರಿಯಾಗಿ ತಳುಕು ಹಾಕಿಕೊಳ್ಳುತ್ತದೆ. ಪ್ರೋಬಯಾಟಿಕ್ ಬಗ್ಗೆ ಜಾಹೀರಾತಿನಷ್ಟು ಆಧಾರವಿಲ್ಲ.

ವಾರಕ್ಕೆ 3ರಿಂದ 5 ದಿನ ಬಿರುಸಾಗಿ ನಡೆಯುವುದು ಹೊಟ್ಟೆಗೂ ಮನಸ್ಸಿಗೂ ಒಂದೇ ಖರ್ಚಿನಲ್ಲಿ ಆಗುತ್ತದೆ. ನಿದ್ದೆಯ ಬಗ್ಗೆ ಬರೆಯಲು ನನಗೆ ಅಧಿಕಾರವಿಲ್ಲ, ಇದನ್ನು ಬರೆಯುತ್ತಿರುವುದೇ ರಾತ್ರಿ 1 ಗಂಟೆಗೆ.

ಮರಳಿ ತಂದು ನೋಡಿದವುಗಳಲ್ಲಿ ಹಾಲು ಪಾಸಾಗಿದೆ, ಈರುಳ್ಳಿ ಅರ್ಧದಷ್ಟಕ್ಕೆ ಪಾಸು. ಅಣಬೆಯ ಸರದಿ ಬಾಕಿ ಇದೆ, ಆದರೆ ಮುಂದಿನ ವಾರ ನನಗೇ ಪರೀಕ್ಷೆ ಇರುವುದರಿಂದ ಅದರದನ್ನು ಮುಂದಕ್ಕೆ ಹಾಕಿದ್ದೇನೆ.