ನಾಯಿ ಇದೆ ಎಚ್ಚರಿಕೆ: ಆದರೆ ಯಾವ ನಾಯಿ?

2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಇಲಾಖೆಯಿಂದ ರಾಜ್ಯಗಳಿಗೆ ಒಂದು ಸುತ್ತೋಲೆ ಹೋಯಿತು. ಅದರಲ್ಲಿ 23 ನಾಯಿ ತಳಿಗಳ ಪಟ್ಟಿ ಇತ್ತು. ಇವುಗಳ ಆಮದು, ಮರಿ ಮಾಡಿಸುವುದು, ಮಾರಾಟ ಯಾವುದಕ್ಕೂ ಇನ್ನು ಮೇಲೆ ಲೈಸೆನ್ಸ್ ಕೊಡಬೇಡಿ ಎಂಬುದು ಅದರ ತಿರುಳು. ಈಗಾಗಲೇ ಮನೆಯಲ್ಲಿ ಸಾಕಿಕೊಂಡವರು ಅವಕ್ಕೆ ಸಂತಾನಹರಣ ಮಾಡಿಸಬೇಕು ಎಂದೂ ಹೇಳಿತ್ತು. ಪಿಟ್‌ಬುಲ್, ರಾಟ್‌ವೀಲರ್ ಹೆಸರುಗಳು ಎಲ್ಲರ ಬಾಯಲ್ಲೂ ಓಡಾಡಿದವು. ಪಟ್ಟಿಯನ್ನು ಕೂತು ಪೂರ್ತಿ ಓದಿದವರು ಕಡಿಮೆ.

ಓದಿದರೆ ನಗು ಬರುತ್ತದೆ. 'ಟೋಸಾ ಇನು' ಎಂಬ ಹೆಸರು ಮೇಲೆ ಒಮ್ಮೆ ಬರುತ್ತದೆ. ಕೆಳಗೆ 'ಜಪಾನೀಸ್ ಟೋಸಾ' ಎಂದು ಮತ್ತೊಮ್ಮೆ. ಎರಡೂ ಒಂದೇ ನಾಯಿ. ಬೋರ್‌ಬೋಲ್ ಕೂಡ ಹಾಗೆಯೇ, ಒಮ್ಮೆ ಸ್ವಂತ ಹೆಸರಲ್ಲಿ, ಇನ್ನೊಮ್ಮೆ ಮಾಸ್ಟಿಫ್ ಜೊತೆಗೆ. ನಡುವೆ ಸುಮ್ನೆ 'ಟೆರಿಯರ್‌ಗಳು' ಎಂದು ಒಂದೇ ಪದ. ಟೆರಿಯರ್ ಎಂದರೆ ಒಂದು ತಳಿಯಲ್ಲ, ದೊಡ್ಡ ಗುಂಪು. ಮಡಿಲಲ್ಲಿ ಕೂರಿಸಿಕೊಂಡು ತಲೆಗೆ ರಿಬ್ಬನ್ ಕಟ್ಟುವ ಯಾರ್ಕ್‌ಷೈರ್ ಟೆರಿಯರ್ ಕೂಡ ಅದೇ ಗುಂಪಿನದು. ಕಾಗದದ ಪ್ರಕಾರ ಅದೂ ಅಪಾಯಕಾರಿ ನಾಯಿಯೇ ಆಯಿತು!

ಪಟ್ಟಿಯ ಕೊನೆಯ ಸಾಲು ಇನ್ನೂ ಸ್ವಾರಸ್ಯ. 'ಸಾಮಾನ್ಯವಾಗಿ ಬ್ಯಾನ್‌ಡಾಗ್ ಎಂದು ಕರೆಯುವ ಮಾದರಿಯ ಪ್ರತಿಯೊಂದು ನಾಯಿ' ಎಂದಿದೆ. ಈ ಮಾತು ನಮ್ಮ ಊರಿನದಲ್ಲ. 1998ರ ಐರ್ಲೆಂಡ್ ನಿಯಮದಲ್ಲಿ ಹೆಚ್ಚುಕಡಿಮೆ ಇದೇ ಪದಗಳಿವೆ. ಆದರೆ ಐರ್ಲೆಂಡ್ ಆಗ ಆ ನಾಯಿಗಳನ್ನು ನಿಷೇಧಿಸಿರಲಿಲ್ಲ. ಹೊರಗೆ ಕರೆದೊಯ್ಯುವಾಗ ಬಾಯಿಗೆ ಕುಕ್ಕೆ ಹಾಕಿ, ಗಿಡ್ಡ ಹಗ್ಗದಲ್ಲಿ ಹಿಡಿದುಕೊಳ್ಳಿ ಎಂದಿತ್ತು, ಅಷ್ಟೇ. ಅಂದಹಾಗೆ ಬ್ಯಾನ್‌ಡಾಗ್ ಎಂಬ ಹಳೇ ಇಂಗ್ಲಿಷ್ ಪದದ ಮೂಲ ಅರ್ಥ ಕಟ್ಟಿ ಹಾಕಿದ ನಾಯಿ ಎಂದು. ಆ ಅರ್ಥ ಹಿಡಿದರೆ ನಮ್ಮ ತೋಟದ ಮನೆಗಳ ಅರ್ಧ ನಾಯಿಗಳು ನಿಷೇಧದೊಳಗೆ ಬರುತ್ತವೆ.

ಇಂಥ ಪಟ್ಟಿ ಹುಟ್ಟುವುದಾದರೂ ಹೇಗೆ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಛೂ ಬಿಡುವುದು ಜನರ ಮನರಂಜನೆಯಾಗಿತ್ತು. 1835ರ ಕಾನೂನು ಅದನ್ನು ನಿಲ್ಲಿಸಿತು. ಆಟ ನಿಂತರೂ ಜೂಜಿನ ಚಟ ನಿಲ್ಲಲಿಲ್ಲ. ಗೂಳಿಯನ್ನು ಬಚ್ಚಿಡುವುದು ಕಷ್ಟ, ನಾಯಿಗಳ ಕಾಳಗವನ್ನು ಯಾವ ನೆಲಮಾಳಿಗೆಯಲ್ಲಾದರೂ ನಡೆಸಬಹುದು. ಬುಲ್‌ಡಾಗ್‌ನ ಬಲ, ಟೆರಿಯರ್‌ನ ಚುರುಕು ಎರಡೂ ಬೇಕೆಂದು ಬೆರಕೆ ಮಾಡಿದರು. ಕಾಳಗದ ಕಣಕ್ಕೆ ಇಂಗ್ಲಿಷಿನಲ್ಲಿ 'ಪಿಟ್' ಎನ್ನುತ್ತಾರೆ. ಪಿಟ್‌ಬುಲ್ ಹೆಸರು ಬಂದದ್ದು ಅಲ್ಲಿಂದ. ವಲಸೆ ಹೋದವರ ಜೊತೆ ನಾಯಿಯೂ ಅಮೆರಿಕಕ್ಕೆ ಹೋಯಿತು. 1898ರಲ್ಲಿ, ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆಯಾದ ಯುನೈಟೆಡ್ ಕೆನಲ್ ಕ್ಲಬ್ ಅದನ್ನು ಅಮೆರಿಕನ್ ಪಿಟ್‌ಬುಲ್ ಟೆರಿಯರ್ ಎಂದು ನೋಂದಾಯಿಸಿತು. ಮುಂದೆ 1936ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇದೇ ವಂಶದ ನಾಯಿಗಳನ್ನು ಬೇರೆ ಹೆಸರಿನಿಂದ ಒಪ್ಪಿಕೊಂಡಿತು. ಅಂದರೆ ಒಂದೇ ನಾಯಿಗೆ ಎರಡು ಕಚೇರಿಗಳಲ್ಲಿ ಎರಡು ಹೆಸರು. ಮುಂದಿನ ಎಷ್ಟೋ ಗೋಜಲುಗಳ ಬೀಜ ಇಲ್ಲೇ ಇದೆ.

ಹಾಗಂತ ಭಯ ಯಾವಾಗಲೂ ಪಿಟ್‌ಬುಲ್ ಮೇಲೆಯೇ ಇತ್ತು ಎಂದಲ್ಲ. ಆಸ್ಟ್ರೇಲಿಯಾ 1929ರಲ್ಲಿ ಒಂದು ತಳಿಯ ಆಮದನ್ನು ನಿಷೇಧಿಸಿತು. ಯಾವುದು ಗೊತ್ತಾ? ಜರ್ಮನ್ ಶೆಫರ್ಡ್. ಡಿಂಗೋ ಎಂಬ ಅಲ್ಲಿನ ಕಾಡುನಾಯಿಗಳ ಜೊತೆ ಕೂಡಿ ಅದು ಕುರಿ ತಿನ್ನುವ ರಾಕ್ಷಸ ಸಂತತಿ ಹುಟ್ಟಿಸುತ್ತದೆ ಎಂಬುದು ಕುರಿ ಸಾಕುವವರ ಹೆದರಿಕೆ. ಆ ನಿಷೇಧ ಪೂರ್ತಿ ಹೋಗಿದ್ದು 1970ರ ದಶಕದಲ್ಲಿ. ಇದೇ ನಾಯಿಗೆ ಮೊದಲ ಮಹಾಯುದ್ಧದ ಹೊತ್ತಿನ ಜರ್ಮನ್ ದ್ವೇಷದಿಂದಾಗಿ ಬ್ರಿಟನ್ನಿನಲ್ಲಿ 'ಅಲ್ಸೇಷಿಯನ್' ಎಂದು ಹೆಸರು ಬದಲಾಯಿತು. ನಮ್ಮ ಹಳಬರು ಈಗಲೂ ಅಲ್ಸೇಷಿಯನ್ ಎನ್ನುತ್ತಾರಲ್ಲ, ಅದು ಆ ದ್ವೇಷದ ಉಳಿಕೆ. ಮುಂದೆ ಡಾಬರ್‌ಮನ್ ಸರದಿ ಬಂತು, ಆಮೇಲೆ ರಾಟ್‌ವೀಲರ್‌ದು. 1980ರ ದಶಕದಲ್ಲಿ ಅಮೆರಿಕದ ಊರುಗಳು ಒಂದೊಂದಾಗಿ ಪಿಟ್‌ಬುಲ್ ಮೇಲೆ ನಿಯಮ ತರತೊಡಗಿದವು. ಡೆನ್ವರ್, ಮಿಯಾಮಿ-ಡೇಡ್ ಎರಡೂ 1989ರಲ್ಲಿ ನಿಷೇಧಿಸಿದವು.

ಆದರೆ ಈ ಕಥೆಯ ಮುಖ್ಯ ಘಟ್ಟ ಬ್ರಿಟನ್‌ನದು. 1991ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಆರು ವರ್ಷದ ಹುಡುಗಿಯೊಬ್ಬಳ ಮೇಲೆ ಪಿಟ್‌ಬುಲ್ ಬಿದ್ದು ಕಚ್ಚಿ ಹಾಕಿತು. ಪತ್ರಿಕೆಗಳು ಉರಿದು ಬಿದ್ದವು. ಗೃಹ ಸಚಿವ ಕೆನೆತ್ ಬೇಕರ್ ಮಸೂದೆ ತಂದರು. ಜುಲೈನಲ್ಲಿ ಅದು ಕಾನೂನಾಯಿತು, ಆಗಸ್ಟ್‌ನಲ್ಲಿ ಜಾರಿ. ಮೂರು ತಿಂಗಳೂ ಪೂರ್ತಿ ಹಿಡಿಯಲಿಲ್ಲ. ಅವಸರದ ಕಾನೂನು ಹೇಗಿರುತ್ತದೆ ಎಂದು ಹೇಳುವಾಗ ಅಲ್ಲಿನ ಜನ ಈಗಲೂ ಇದನ್ನೇ ಉದಾಹರಣೆ ಕೊಡುತ್ತಾರೆ. ನಾಲ್ಕು ತಳಿಗಳು ಒಳಗೆ ಬಂದವು: ಪಿಟ್‌ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೋಗೋ ಅರ್ಜೆಂಟೀನೋ, ಫೀಲಾ ಬ್ರಸಿಲೇರೋ. ಕೊನೆಯ ಮೂರು ಬ್ರಿಟನ್ನಿನಲ್ಲಿ ಇದ್ದದ್ದೇ ಅಪರೂಪ. ಮನೆಮನೆಯಲ್ಲಿದ್ದ ರಾಟ್‌ವೀಲರ್, ಅಲ್ಸೇಷಿಯನ್ ಹೊರಗುಳಿದವು.

ಕಾನೂನಿನಲ್ಲಿ ಒಂದು ಜಾಣತನದ ಪದವಿತ್ತು: 'ಮಾದರಿ'. ತಳಿ ಎಂದು ಬರೆದಿದ್ದರೆ ಮಾಲೀಕರು 'ಇದಕ್ಕೆ ವಂಶಪತ್ರ ಇಲ್ಲ, ಇದು ಆ ತಳಿಯಲ್ಲ' ಎಂದು ಪಾರಾಗುತ್ತಿದ್ದರು. ಮಾದರಿ ಎಂದರೆ ನೋಡೋದಕ್ಕೆ ಹಾಗೆ ಕಂಡರೆ ಸಾಕು. ಅಪ್ಪ ಅಮ್ಮ ಯಾರೆಂಬುದು ಬೇಡ, ಡಿಎನ್‌ಎ ಬೇಡ. ತಲೆ, ಎದೆ, ಕಾಲು ಅಳೆದು ನೋಡಿ, ಹೆಚ್ಚಿನ ಲಕ್ಷಣ ಹೊಂದಿದರೆ ಅದು ಪಿಟ್‌ಬುಲ್. ಅದಕ್ಕಿಂತ ವಿಚಿತ್ರ ಇನ್ನೊಂದು: 'ಅಲ್ಲ' ಎಂದು ತೋರಿಸುವ ಹೊಣೆ ಮಾಲೀಕನದು. ಹೀಗಾಗಿ ಒಂದೇ ಸೂಲಿನ ಎರಡು ಮರಿಗಳಲ್ಲಿ ಒಂದು ಕಾನೂನುಬಾಹಿರ, ಇನ್ನೊಂದು ಸಭ್ಯ ಸಾಕುನಾಯಿ ಆಗಲು ಅಡ್ಡಿಯೇ ಇಲ್ಲ.

ಡೆಂಪ್ಸಿ ಎಂಬ ಹೆಣ್ಣು ಪಿಟ್‌ಬುಲ್‌ನ ಕಥೆ ಆಗ ದೇಶವೆಲ್ಲ ಓದಿತು. 1992ರಲ್ಲಿ ಲಂಡನ್ನಿನಲ್ಲಿ ಅದನ್ನು ಹೊರಗೆ ಕರೆದೊಯ್ದಿದ್ದರು. ಹುಷಾರಿಲ್ಲದ ನಾಯಿ ಬಾಯಿಗೆ ಹಾಕಿದ ಕುಕ್ಕೆಯಲ್ಲಿ ಒದ್ದಾಡುತ್ತಿತ್ತು ಎಂದು ಅದನ್ನು ಸ್ವಲ್ಪ ಹೊತ್ತು ಬಿಚ್ಚಿದರು. ಅಷ್ಟರಲ್ಲಿ ಪೊಲೀಸರು ಕಂಡರು. ಡೆಂಪ್ಸಿ ಯಾರನ್ನೂ ಕಚ್ಚಿರಲಿಲ್ಲ. ಆದರೂ ಆಗಿನ ಕಾನೂನಿನಲ್ಲಿ ನ್ಯಾಯಾಧೀಶರಿಗೆ ಬೇರೆ ದಾರಿ ಇರಲಿಲ್ಲ, ಸಾಯಿಸಲೇಬೇಕು. ಮೂರು ವರ್ಷ ಕೋರ್ಟಿನಿಂದ ಕೋರ್ಟಿಗೆ ಅಲೆದಾಟ. ನಟಿ ಬ್ರಿಜಿತ್ ಬಾರ್ದೋ ಫ್ರಾನ್ಸಿನಲ್ಲಿ ಆಶ್ರಯ ಕೊಡುತ್ತೇನೆ ಎಂದು ಮುಂದೆ ಬಂದರು. ಕೊನೆಗೆ 1995ರಲ್ಲಿ ಒಂದು ತಾಂತ್ರಿಕ ಕಾರಣದಿಂದ ಡೆಂಪ್ಸಿ ಉಳಿಯಿತು. 1997ರಲ್ಲಿ ಕಾನೂನು ತಿದ್ದಿದರು. ಈ ನಾಯಿಯಿಂದ ಅಪಾಯವಿಲ್ಲ ಎನಿಸಿದರೆ ಷರತ್ತು ಹಾಕಿ ಬಿಡಬಹುದು ಎಂದಾಯಿತು.

ಇಷ್ಟೆಲ್ಲ ಮಾಡಿ ಕಚ್ಚುವುದು ಕಡಿಮೆಯಾಯಿತೇ? ಇಂಗ್ಲೆಂಡಿನ ಆಸ್ಪತ್ರೆಗಳ ಲೆಕ್ಕ ಇದೆ. ನಾಯಿ ಕಚ್ಚಿ ದಾಖಲಾದವರು 1998ರಲ್ಲಿ ಲಕ್ಷಕ್ಕೆ ಸುಮಾರು 6 ಜನ. 2018ರಲ್ಲಿ ಸುಮಾರು 15. ನಿಷೇಧ ಜಾರಿಯಲ್ಲಿದ್ದಾಗಲೇ ದುಪ್ಪಟ್ಟು ದಾಟಿತು. ನಿಷೇಧ ಇಲ್ಲದಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು ಎಂದು ವಾದಿಸಬಹುದು. ಆದರೆ ಬಹುಪಾಲು ಕಡಿತ ಪಟ್ಟಿಯ ಹೊರಗಿನ ನಾಯಿಗಳದು ಎಂಬುದನ್ನು ತಳ್ಳಿಹಾಕಲಾಗದು.

ಅಷ್ಟರಲ್ಲಿ ಹೊಸ ನಾಯಿ ಬಂತು. ಅಮೆರಿಕನ್ ಎಕ್ಸ್‌ಎಲ್ ಬುಲ್ಲಿ. ಪಿಟ್‌ಬುಲ್ ವಂಶಕ್ಕೆ ಇನ್ನಷ್ಟು ಮಾಂಸಖಂಡ ತುಂಬಿದ ನಾಯಿ. ಪಟ್ಟಿಯಲ್ಲಿ ಇರಲಿಲ್ಲ, ಹಾಗಾಗಿ ಮಾರಾಟಕ್ಕೆ ತಡೆಯಿಲ್ಲ. ಸಾವುಗಳು ಒಂದರ ಹಿಂದೆ ಒಂದು ವರದಿಯಾದವು. 2023ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ರಿಷಿ ಸುನಕ್ ನಿಷೇಧ ಘೋಷಿಸಿದರು. ಮತ್ತೆ ಅದೇ ಹಳೇ ತಲೆನೋವು: ಕೆನಲ್ ಕ್ಲಬ್ ಇದನ್ನು ತಳಿ ಎಂದು ಒಪ್ಪಿಯೇ ಇರಲಿಲ್ಲ. ಸರ್ಕಾರ ತಾನೇ ಕೂತು ವ್ಯಾಖ್ಯಾನ ಬರೆಯಬೇಕಾಯಿತು. ಗಂಡು ನಾಯಿ ಹೆಗಲ ಹತ್ತಿರ 20 ಇಂಚು, ಹೆಣ್ಣು 19 ಇಂಚು, ಅಗಲ ತಲೆ, ದಪ್ಪ ಕುತ್ತಿಗೆ, ಹೀಗೆ. ಜನ ಟೇಪು ಹಿಡಿದು ತಮ್ಮ ನಾಯಿಯನ್ನೇ ಅಳೆಯುತ್ತಾ ಕೂತರು. 2024ರ ಫೆಬ್ರವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರ ಇಲ್ಲದೆ ಇದನ್ನು ಸಾಕುವುದು ಅಪರಾಧ. 50 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಆ ಪತ್ರ ಪಡೆದರು.

ಬ್ರಿಟನ್ ಹೀಗೆ ಪಟ್ಟಿ ಉದ್ದ ಮಾಡುತ್ತಿದ್ದರೆ ಬೇರೆಯವರು ಕತ್ತರಿಸುತ್ತಿದ್ದರು. ಇಟಲಿ 2003ರಲ್ಲಿ 92 ತಳಿಗಳನ್ನು ಹೆಸರಿಸಿತ್ತು. ಅದರಲ್ಲಿ ಬ್ರಿಟನ್ ರಾಣಿಯ ಅಚ್ಚುಮೆಚ್ಚಿನ ಗಿಡ್ಡಕಾಲಿನ ಕೋರ್ಗಿಯೂ ಇತ್ತು! 2009ರಲ್ಲಿ ಇಟಲಿ ಪಟ್ಟಿಯನ್ನೇ ಕೈಬಿಟ್ಟು ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ನೆದರ್‌ಲ್ಯಾಂಡ್ಸ್ 1993ರಲ್ಲಿ ತಂದ ಪಿಟ್‌ಬುಲ್ ನಿಷೇಧವನ್ನು 15 ವರ್ಷ ನೋಡಿ, ಕಡಿತ ಕಡಿಮೆಯಾಗಲಿಲ್ಲ ಎಂದು ಬಿಟ್ಟಿತು. ಡೆನ್ವರ್ ಮತದಾರರು 2020ರಲ್ಲಿ ನಿಷೇಧ ತೆಗೆದು ಪರವಾನಗಿ ಪದ್ಧತಿ ತಂದರು.

ಇಷ್ಟು ಓದಿದ ಮೇಲೆ 'ತಳಿ ಗಿಳಿ ಎಲ್ಲ ಸುಳ್ಳು, ಎಲ್ಲ ಸಾಕುವವರ ಕೈಯಲ್ಲಿದೆ' ಎನ್ನಬೇಕು ಅನಿಸುತ್ತದೆ, ಅಲ್ವಾ? ನಾಯಿಪ್ರಿಯರು ಹಾಗೆಯೇ ಹೇಳುವುದು. ನನಗೆ ಅದನ್ನು ಪೂರ್ತಿ ಒಪ್ಪಲು ಆಗುವುದಿಲ್ಲ. ಪೊಮೇರಿಯನ್ ಕಚ್ಚಿದರೆ ಟಿಂಚರ್ ಹಚ್ಚಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇವೆ. ಐವತ್ತು ಕಿಲೋ ರಾಟ್‌ವೀಲರ್ ಮಗುವಿನ ಕುತ್ತಿಗೆಗೆ ಬಾಯಿ ಹಾಕಿದರೆ ಇಂಜೆಕ್ಷನ್ ತನಕ ಹೋಗುವ ಮಾತೇ ಇರುವುದಿಲ್ಲ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ದಾಳಿಯ 238 ಸಾವುಗಳನ್ನು ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಮತ್ತು ಪಶುವೈದ್ಯರು ಸೇರಿ ಅಭ್ಯಾಸ ಮಾಡಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪಿಟ್‌ಬುಲ್ ಮಾದರಿ ಮತ್ತು ರಾಟ್‌ವೀಲರ್‌ಗಳಿದ್ದವು. ನಿಷೇಧ ಬೇಕೆನ್ನುವವರು ಈ ಸಾಲನ್ನು ಎತ್ತಿ ಹೇಳುತ್ತಾರೆ. ಅದೇ ವರದಿಯಲ್ಲಿ ಕನಿಷ್ಠ 25 ತಳಿಗಳ ಹೆಸರಿದೆ, ತಳಿ ನೋಡಿ ಕಾನೂನು ಮಾಡುವುದರ ಬಗ್ಗೆ ಎಚ್ಚರಿಕೆಯೂ ಇದೆ. ಬೇಡವೆನ್ನುವವರು ಆ ಸಾಲನ್ನು ಎತ್ತಿ ಹೇಳುತ್ತಾರೆ. ಊರಲ್ಲಿ ಒಟ್ಟು ಎಷ್ಟು ಪಿಟ್‌ಬುಲ್ ಇವೆ ಎಂಬ ಲೆಕ್ಕವೇ ಇಲ್ಲದಿರುವಾಗ ಎಷ್ಟರಲ್ಲಿ ಎಷ್ಟು ಕಚ್ಚಿದವು ಎಂದು ಹೇಳುವುದು ಹೇಗೆ?

2022ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ಬಂತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಮಾಲೀಕರನ್ನು ಕೇಳಿ, ಎರಡು ಸಾವಿರದಷ್ಟು ನಾಯಿಗಳ ಡಿಎನ್‌ಎ ನೋಡಿದರು. ನಾಯಿ ನಾಯಿಗೆ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ 9ರಷ್ಟು ಮಾತ್ರ ಎಂದು ಕಂಡಿತು. ಇದಕ್ಕಿಂತ ನನಗೆ ಉಪಯೋಗ ಎನಿಸುವುದು ಡೆನ್ವರ್‌ನಲ್ಲೇ 1990ರ ದಶಕದ ಮೊದಲಲ್ಲಿ ನಡೆದ ಸಣ್ಣ ಅಧ್ಯಯನ. ಪಿಟ್‌ಬುಲ್ ಆಗಲೇ ನಿಷೇಧವಾಗಿದ್ದ ಊರು ಅದು. ಹಾಗಾದರೆ ಕಚ್ಚುತ್ತಿದ್ದದ್ದು ಯಾರು? ತಳಿಗಳಲ್ಲಿ ಜರ್ಮನ್ ಶೆಫರ್ಡ್ ಮತ್ತು ಚೌ ಮುಂದಿದ್ದವು. ಜೊತೆಗೆ ಗಂಡು ನಾಯಿ, ಸಂತಾನಹರಣ ಆಗದ ನಾಯಿ, ಅಂಗಳದಲ್ಲಿ ಸರಪಳಿಗೆ ಕಟ್ಟಿ ಹಾಕಿದ ನಾಯಿ ಜಾಸ್ತಿ ಕಚ್ಚುತ್ತಿದ್ದವು. ಹಗಲೆಲ್ಲ ಕಟ್ಟಿ ಹಾಕಿದರೆ ನಾಯಿ 'ಚುರುಕಾಗುತ್ತದೆ' ಎಂದು ನಮ್ಮಲ್ಲಿ ನಂಬಿದವರು ಬೇಕಾದಷ್ಟು ಜನ ಇದ್ದಾರೆ.

ನಮ್ಮ ದೇಶಕ್ಕೆ ಈ ಜಗಳ ಬಂದದ್ದು ತಡವಾಗಿ. 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ಮಹಿಳೆಯನ್ನು ಮನೆಯ ಪಿಟ್‌ಬುಲ್ಲೇ ಕೊಂದಿತು. ಕೆಲವೇ ತಿಂಗಳಲ್ಲಿ ಗಾಜಿಯಾಬಾದ್, ಕಾನ್ಪುರ ಪಾಲಿಕೆಗಳು ನಿಷೇಧದ ನಿರ್ಣಯ ಮಾಡಿದವು. ನಂತರ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು. ಮೂರು ತಿಂಗಳಲ್ಲಿ ತೀರ್ಮಾನಿಸಿ ಎಂದು ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತು. ಗಡುವು ಮುಗಿಯುವ ಹೊತ್ತಿಗೆ ಬಂದದ್ದೇ ಆ 23ರ ಪಟ್ಟಿ. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಹಾಗೆ.

ಅದಕ್ಕೆ ಮೊದಲ ಪೆಟ್ಟು ಬಿದ್ದದ್ದು ಬೆಂಗಳೂರಿನಲ್ಲಿ. ಒಬ್ಬ ವೃತ್ತಿಪರ ನಾಯಿ ತರಬೇತುದಾರ ಮತ್ತು ಒಬ್ಬ ರಾಟ್‌ವೀಲರ್ ಮಾಲೀಕ ಕರ್ನಾಟಕ ಹೈಕೋರ್ಟಿಗೆ ಹೋದರು. ಒಂದೇ ವಾರದಲ್ಲಿ, ಮಾರ್ಚ್ 19ಕ್ಕೆ, ತಡೆ ಸಿಕ್ಕಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಸುತ್ತೋಲೆಯನ್ನೇ ರದ್ದು ಮಾಡಿದರು. ಸಂಬಂಧಪಟ್ಟವರ ಮಾತು ಕೇಳಿಲ್ಲ, ಪಟ್ಟಿಯನ್ನು ಶಿಫಾರಸು ಮಾಡಿದ ಸಮಿತಿ ಕಾನೂನು ಹೇಳಿದಂತೆ ರಚನೆಯಾಗಿಲ್ಲ ಎಂಬುದು ಮುಖ್ಯ ಕಾರಣ. ಎಲ್ಲರನ್ನೂ ಕೇಳಿ, ಕ್ರಮವಾಗಿ ಹೊಸದು ತರಬಹುದು ಎಂದೂ ಹೇಳಿದರು. ವಾರ ಕಳೆಯುವುದರೊಳಗೆ ದೆಹಲಿ ಹೈಕೋರ್ಟ್ ಕೂಡ ಸುತ್ತೋಲೆಯನ್ನು ತೆಗೆದುಹಾಕಿತು. ಗಮನಿಸಿ, ಬೆಂಗಳೂರಿನ ತೀರ್ಪು ನಿಂತದ್ದು ಮುಖ್ಯವಾಗಿ ವಿಧಾನದ ಮೇಲೆ. ರಾಟ್‌ವೀಲರ್ ಸಾಧು ಪ್ರಾಣಿ ಎಂಬ ಸರ್ಟಿಫಿಕೇಟನ್ನು ಯಾರೂ ಕೊಟ್ಟಿಲ್ಲ.

2024ರಲ್ಲಿ ದೇಶದಲ್ಲಿ ವರದಿಯಾದ ನಾಯಿ ಕಡಿತ 37 ಲಕ್ಷಕ್ಕೂ ಹೆಚ್ಚು. ಬೀದಿ ನಾಯಿಗಳಿಗೆ ಯಾವ ಪಟ್ಟಿಯೂ ಅನ್ವಯಿಸುವುದಿಲ್ಲ. ಮನೆ ನಾಯಿಗಳ ಮಟ್ಟಿಗೆ ಹೇಳುವುದಾದರೆ ನಿಯಮಗಳು ಮೊದಲೇ ಇವೆ. 2017ರ ನಿಯಮದ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮರಿ ತಂದವರನ್ನು ಕೇಳಿ ನೋಡಿ, ಮಾರಿದವನ ನೋಂದಣಿ ಪತ್ರ ಎಷ್ಟು ಜನ ಕಂಡಿದ್ದಾರೆ?

ಇನ್ನು ನಾಯಿಯನ್ನು ಹದ್ದುಬಸ್ತಿನಲ್ಲಿ ಇಡದ ಮಾಲೀಕನಿಗೆ ಶಿಕ್ಷೆ. 1860ರ ದಂಡ ಸಂಹಿತೆಯ 289ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈನಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದು ಅದು 291 ಆಯಿತು. ಜೈಲು ಅಷ್ಟೇ ಉಳಿಯಿತು, ದಂಡ 5,000ಕ್ಕೆ ಏರಿತು. ಕಾಗದಪತ್ರ ಇರುವ ಒಳ್ಳೆ ರಾಟ್‌ವೀಲರ್ ಮರಿಗೆ ಇದಕ್ಕಿಂತ ಎಷ್ಟೋ ಜಾಸ್ತಿ ಕೇಳುತ್ತಾರೆ.