ಗಾಳಿ ಜೋರಾದಾಗ ಫ್ಯಾನು ಮುರಿದು ಬೀಳಲ್ವಾ?

ಪ್ರಶ್ನೆ: ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಕಾಣುತ್ತವೆ. ಕಳೆದ ಜುಲೈನಲ್ಲಿ ಹೋದಾಗ ಕಾರಿನ ಬಾಗಿಲು ತೆಗೆಯೋಕೇ ಕಷ್ಟ, ಅಷ್ಟು ಗಾಳಿ. ಆದರೂ ಎರಡು ಮೂರು ಫ್ಯಾನು ಸುಮ್ನೆ ನಿಂತಿದ್ದವು. ಮುರಿದು ಬೀಳುತ್ತವೆ ಅಂತ ನಿಲ್ಲಿಸಿರ್ತಾರಾ?
— ಒಬ್ಬ ಓದುಗರು, ರಾಜಾಜಿನಗರ

ಪ್ರತಿ ಮಳೆಗಾಲದಲ್ಲೂ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ನೀವು ನೋಡಿದವು ಬಹುಶಃ ಗಾಳಿಗೆ ಹೆದರಿ ನಿಂತವಲ್ಲ. ದೊಡ್ಡ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್ ಗಾಳಿ ಬಂದಾಗ ತಾವಾಗಿಯೇ ಕೆಲಸ ನಿಲ್ಲಿಸುತ್ತವೆ. ನಮ್ಮ ಮುಂಗಾರು ಗಾಳಿ ಆ ವೇಗದಲ್ಲಿ ಒಂದೇ ಸಮನೆ ಬೀಸುವುದು ಅಪರೂಪ. ರಿಪೇರಿ ನಡೀತಿರಬಹುದು, ಲೈನಿನಲ್ಲಿ ತೊಂದರೆ ಇರಬಹುದು, ಇಲ್ಲವೇ ಕರೆಂಟು ಜಾಸ್ತಿಯಾಗಿದೆ ತಗ್ಗಿಸಿ ಅಂತ ವಿದ್ಯುತ್ ಜಾಲ ನೋಡಿಕೊಳ್ಳುವವರು ಹೇಳಿರಬಹುದು.

ಇನ್ನು ಮುರಿದು ಬೀಳುವ ಮಾತು. ಬೀಳುವುದು ಉಂಟು. ಆದರೆ ನಾವು ಅಂದುಕೊಂಡ ಹಾಗಲ್ಲ.

ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 12 ಮೀಟರ್ ಆಸುಪಾಸಿನ ಗಾಳಿಗೇ ಯಂತ್ರ ತನ್ನ ಪೂರ್ತಿ ಕರೆಂಟು ಕೊಟ್ಟುಬಿಡುತ್ತದೆ. 24 ಮೀಟರ್ ಬಂದಾಗ ಉಳಿದ ಏಳು ಪಾಲನ್ನು ಏನು ಮಾಡಬೇಕು? ಹಿಡಿಯದೆ ಬಿಟ್ಟುಬಿಡಬೇಕು.

ಬಿಡುವುದು ಹೇಗೆ ಅಂತ ತಿಳಿಯೋಕೆ ಮನೆಯ ಮೊರ ಸಾಕು. ಗಾಳಿ ಇರುವ ಸಂಜೆ ಅದನ್ನು ತೆಗೆದುಕೊಂಡು ಟೆರೇಸಿಗೆ ಹೋಗಿ. ಗಾಳಿಗೆ ಎದುರಾಗಿ ಅಗಲಕ್ಕೆ ಹಿಡಿದರೆ ನಿಮ್ಮನ್ನೇ ಹಿಂದಕ್ಕೆ ತಳ್ಳುತ್ತದೆ. ಮಣಿಕಟ್ಟು ತಿರುಗಿಸಿ ಅಂಚನ್ನು ಗಾಳಿಯ ಕಡೆ ಮಾಡಿ. ಕೈಯಲ್ಲಿ ಮೊರ ಇದೆ ಅನ್ನುವುದೇ ಮರೆತುಹೋಗುತ್ತದೆ. ಫ್ಯಾನಿನ ರೆಕ್ಕೆಯೂ ಬುಡದಲ್ಲಿ ಹೀಗೇ ತಿರುಗುತ್ತದೆ. ಇದಕ್ಕೆ ಪಿಚ್ ಅಂತಾರೆ. ಮೂರು ರೆಕ್ಕೆಗೂ ಬೇರೆ ಬೇರೆ ಪಿಚ್ ವ್ಯವಸ್ಥೆ ಇರುತ್ತದೆ, ಲೈನ್ ಹೋದರೂ ನಡೆಯಲಿ ಅಂತ ಬ್ಯಾಟರಿಯೋ ಒತ್ತಡ ತುಂಬಿದ ಎಣ್ಣೆ ಸಿಲಿಂಡರೋ ಜೊತೆಗಿರುತ್ತದೆ. ಒಂದು ರೆಕ್ಕೆ ಕೈಕೊಟ್ಟರೂ ಉಳಿದೆರಡು ಯಂತ್ರವನ್ನು ನಿಧಾನ ಮಾಡುವಂತೆ ಲೆಕ್ಕ ಹಾಕಿರುತ್ತಾರೆ. ಬಿರುಗಾಳಿಯಲ್ಲಿ ಫ್ಯಾನು ತೀರ ಮೆಲ್ಲಗೆ ತಿರುಗುತ್ತಿದ್ದರೆ ಗಾಬರಿ ಬೇಡ. ಅದನ್ನು ಬೇಕೆಂದೇ ಹಾಗೆ ಸಡಿಲ ಬಿಟ್ಟಿರುತ್ತಾರೆ. ಬಿಗಿಯಾಗಿ ಕಟ್ಟಿಹಾಕಿದರೆ ಏಟೆಲ್ಲ ಗೇರಿನ ಅವೇ ನಾಲ್ಕು ಹಲ್ಲಿನ ಮೇಲೆ ಬೀಳುತ್ತದೆ.

ಬ್ರೇಕ್ ಇಲ್ವಾ ಅಂತ ಕೇಳುತ್ತೀರಿ. ಇದೆ. ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಶಿರಾಡಿ ಘಾಟಿ ಇಳಿಯುವ ಲಾರಿ ಡ್ರೈವರನ್ನು ಕೇಳಿ ನೋಡಿ. ತುಂಬಿದ ಗಾಡಿಯನ್ನು ಬರೀ ಬ್ರೇಕಿನಲ್ಲಿ ಯಾರೂ ಇಳಿಸಲ್ಲ, ಗೇರಿನಲ್ಲಿ ಹಿಡಿದು ಇಳಿಸುತ್ತಾರೆ. ಇಲ್ಲದಿದ್ದರೆ ಲೈನಿಂಗ್ ಕಾದು ವಾಸನೆ ಬರುತ್ತದೆ, ಆಮೇಲೆ ಬ್ರೇಕೇ ಹಿಡಿಯಲ್ಲ. ಫ್ಯಾನಿಗೆ ಪಿಚ್ ಅನ್ನುವುದು ಈ ಗೇರಿನ ಹಾಗೆ.

ಘಾಟಿಯ ಮಧ್ಯೆ ಗಾಡಿ ನ್ಯೂಟ್ರಲ್‌ಗೆ ಬಿದ್ದರೆ? ಗಾಳಿಯಂತ್ರಕ್ಕೆ ಅಂಥ ಗಳಿಗೆ ಬರುವುದು ಲೈನ್ ಟ್ರಿಪ್ ಆದಾಗ. ಕರೆಂಟು ಹೊರಗೆ ಹೋಗುತ್ತಿರುವಷ್ಟು ಹೊತ್ತು ಜನರೇಟರ್ ರೆಕ್ಕೆಗಳನ್ನು ಹಿಡಿದಿಟ್ಟಿರುತ್ತದೆ. ಲೈನ್ ಹೋದ ತಕ್ಷಣ ಆ ಹಿಡಿತ ಇಲ್ಲ. ಕೆಲವೇ ಸೆಕೆಂಡಿನಲ್ಲಿ ರೆಕ್ಕೆ ತಿರುಗದಿದ್ದರೆ ವೇಗ ಏರುತ್ತಲೇ ಹೋಗುತ್ತದೆ. 120 ಮೀಟರ್ ಅಗಲದ ಫ್ಯಾನು ನಿಮಿಷಕ್ಕೆ 12 ಸುತ್ತು ತಿರುಗಿದರೆ ಸೋಮಾರಿಯ ಹಾಗೆ ಕಾಣುತ್ತದೆ, ಆದರೆ ರೆಕ್ಕೆಯ ತುದಿ ಗಂಟೆಗೆ 270 ಕಿಲೋಮೀಟರಿನಲ್ಲಿ ಓಡುತ್ತಿರುತ್ತದೆ. ಸುತ್ತು ಎರಡು ಪಟ್ಟಾದರೆ ರೆಕ್ಕೆ ಕಿತ್ತುಕೊಳ್ಳಲು ಎಳೆಯುವ ಬಲ ನಾಲ್ಕು ಪಟ್ಟು.

2008ರ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಹಾರ್ನ್‌ಸ್ಲೆಟ್‌ನಲ್ಲಿ ಆದದ್ದು ಇದೇ. ಬಿರುಗಾಳಿಯಲ್ಲಿ ಬ್ರೇಕ್ ಕೈಕೊಟ್ಟು ಯಂತ್ರ ಹಿಡಿತ ತಪ್ಪಿತು, ರೆಕ್ಕೆ ಚೂರಾಗಿ ಕಂಬಕ್ಕೆ ಬಡಿದು ಕಂಬವೇ ಮುರಿಯಿತು. ನಿಮ್ಮ ವಾಟ್ಸಾಪಿಗೆ 'ನಮ್ಮ ಗದಗದಲ್ಲಿ ನಡೆದದ್ದು' ಅಂತ ಒಂದು ವಿಡಿಯೋ ಬಂದಿದ್ದರೆ, ಅದು ಈ ಡೆನ್ಮಾರ್ಕಿನದೇ ಇರಬಹುದು, ಒಮ್ಮೆ ನೋಡಿ.

ಚಂಡಮಾರುತದ ಕತೆ ಬೇರೆ. 1998ರ ಜೂನ್‌ನಲ್ಲಿ ಗುಜರಾತಿನ ಪೋರಬಂದರ್ ಕಡೆ ಬಹಳಷ್ಟು ಯಂತ್ರಗಳು ಹಾಳಾದವು. ಅಲ್ಲಿ ಬರೀ ವೇಗದ ಮಾತಲ್ಲ. ಚಂಡಮಾರುತ ದಾಟುವಾಗ ಗಾಳಿ ದಿಕ್ಕು ಬದಲಿಸುತ್ತದೆ. ಲೈನ್ ಸತ್ತಿದ್ದರೆ ಫ್ಯಾನಿನ ತಲೆಯನ್ನು ಗಾಳಿಯ ಕಡೆ ತಿರುಗಿಸುವ ಮೋಟಾರೂ ಓಡುವುದಿಲ್ಲ. ಅಂಚು ಮಾಡಿ ಹಿಡಿದ ಮೊರಕ್ಕೆ ಪಕ್ಕದಿಂದ ಗಾಳಿ ಬಂದ ಹಾಗೆ. ಚಿತ್ರದುರ್ಗ, ಗದಗಕ್ಕೆ ಕರಾವಳಿಯ ಈ ಭಯ ಇಲ್ಲ.

ಬೆಂಕಿಯನ್ನೂ ಹೇಳಬೇಕು. ತಲೆಯ ಡಬ್ಬಿಯೊಳಗೆ ಎಣ್ಣೆ, ಕೇಬಲ್ಲು, ಕಾದ ಬ್ರೇಕು ಎಲ್ಲ ಒಟ್ಟಿಗೇ ಇರುತ್ತವೆ. ಬೆಂಗಳೂರಿನ ಅಗ್ನಿಶಾಮಕದವರ ಹತ್ತಿರ 90 ಮೀಟರಿನ ಏಣಿ ಇದೆ, ಗುಡ್ಡದ ಮೇಲೆ ಅದನ್ನು ಯಾರು ಒಯ್ಯುತ್ತಾರೆ? ಅಲ್ಲಿ ಜನರನ್ನು ದೂರ ಇಟ್ಟು ಉರಿದು ಮುಗಿಯುವವರೆಗೆ ಕಾಯುವುದೇ ದಾರಿ. ನೀವೂ ಅಷ್ಟೇ, ಫೋಟೋಗೆ ಅಂತ ಕಂಬದ ಬುಡಕ್ಕೆ ಹೋಗಬೇಡಿ, ಅದರಲ್ಲೂ ಗುಡುಗು ಸಿಡಿಲಿನ ಹೊತ್ತಿನಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಲೆಕ್ಕದಲ್ಲಿ ದೊಡ್ಡ ಶತ್ರು ಬಿರುಗಾಳಿಯಲ್ಲ, ದಿನದ ಸಾಧಾರಣ ಗಾಳಿ. ಪ್ರತಿ ಸುತ್ತಿಗೂ ಹತ್ತಾರು ಟನ್ ತೂಕದ ರೆಕ್ಕೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬುಡವನ್ನು ಜಗ್ಗುತ್ತದೆ. ನಿಮಿಷಕ್ಕೆ 12 ಅಂದರೆ ದಿನಕ್ಕೆ 17,280 ಸಲ. 20 ವರ್ಷದಲ್ಲಿ ಹತ್ತು ಕೋಟಿ ಸಲ ದಾಟಬಹುದು. ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ, ತೀರಾ ನಿಧಾನವಾಗಿ. ಬಿರುಗಾಳಿಯ ದಿನ ಬಿದ್ದ ಎಷ್ಟೋ ಯಂತ್ರ ಅದಕ್ಕೂ ಮೊದಲೇ ಒಳಗೆ ಬಿರುಕು ಬಿಟ್ಟಿರುತ್ತದೆ.

ಅದಕ್ಕೇ ಗಾಳಿ ತಗ್ಗಿದ ದಿನ ನೋಡಿಕೊಂಡು ಟೆಕ್ನಿಷಿಯನ್ನರು ಮೇಲೆ ಹತ್ತುತ್ತಾರೆ. ತಿರುಗುವ ಭಾಗಕ್ಕೆ (ರೋಟರ್) ದಪ್ಪ ಪಿನ್ ಹಾಕಿ ಲಾಕ್ ಮಾಡಿ, ಬೆಲ್ಟ್ ಸಿಕ್ಕಿಸಿಕೊಂಡು ಮೂರು ರೆಕ್ಕೆ ಸೇರುವ ನಡುಭಾಗದೊಳಗೆ (ಹಬ್) ನುಗ್ಗುತ್ತಾರೆ. ಬಿಗಿ ಮಾಡಿದ ಬೋಲ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿರುತ್ತಾರೆ. ಮುಂದಿನ ಸಲ ಬಂದಾಗ ಟಾರ್ಚ್ ಬಿಟ್ಟು ಆ ಗೆರೆ ನೋಡುತ್ತಾರೆ. ನೇರ ಇದ್ದರೆ ಮುಂದಿನ ಬೋಲ್ಟು. ಗೆರೆ ಜರುಗಿದ್ದರೆ ಅದನ್ನು ಸರಿ ಮಾಡುವವರೆಗೆ ಆ ಫ್ಯಾನು ತಿರುಗುವುದಿಲ್ಲ, ಗಾಳಿ ಎಷ್ಟೇ ಚೆನ್ನಾಗಿದ್ದರೂ.