ಕಪ್ಪು ಲಾವಾ ಬಿಳಿಯಾದಾಗ: ಸೋಡಾ ಎಲ್ಲಿ ಹೋಯಿತು?

ಟಾಂಜಾನಿಯಾದ ಉತ್ತರದಲ್ಲಿ ಓಲ್ ಡೊಯಿನ್ಯೊ ಲೆಂಗಾಯಿ ಎಂಬ ಜ್ವಾಲಾಮುಖಿ ಇದೆ. ಮಸಾಯಿ ಜನರ ಮಾತಿನಲ್ಲಿ ಅದು ದೇವರ ಬೆಟ್ಟ. ಸೋಡಿಯಂ ಕಾರ್ಬೊನೇಟ್, ಅಂದರೆ ಸೋಡಾ, ತುಂಬಿದ ಲಾವಾ ಉಕ್ಕಿಸುವ ಸಕ್ರಿಯ ಜ್ವಾಲಾಮುಖಿ ಜಗತ್ತಿನಲ್ಲಿ ಇದೊಂದೇ. ಈ ಲಾವಾದ ಬಿಸಿ 500ರಿಂದ 600 ಡಿಗ್ರಿ ಸೆಲ್ಸಿಯಸ್, ಬಸಾಲ್ಟ್ ಎಂಬ ಸಾಮಾನ್ಯ ಲಾವಾದ ಅರ್ಧದಷ್ಟು. ಹಗಲಲ್ಲಿ ನೋಡಿದರೆ ಕಪ್ಪು ಕೆಸರು ಹರಿದಂತೆ ಕಾಣುತ್ತದೆ. ಕೆಂಪು ಹೊಳಪು ಕಾಣಬೇಕಾದರೆ ಕತ್ತಲಾಗಬೇಕು.

ಇದರ ಸುತ್ತ ಒಂದು ಹಳೆಯ ವಾದವಿದೆ. ಕಾರ್ಬೊನೇಟ್ ಕಲ್ಲು ಭೂಮಿಯೊಳಗೆ ಕರಗಿ ಮೇಲೆ ಬರಬಹುದೇ? 1921ರಲ್ಲಿ ನಾರ್ವೆಯ ಫೆನ್ ಪ್ರದೇಶವನ್ನು ನೋಡಿ ಭೂವಿಜ್ಞಾನಿ ಬ್ರೋಗರ್ ಹೌದೆಂದರು. ಮೂರೇ ವರ್ಷದಲ್ಲಿ ಬೋವೆನ್ ಎಂಬ ಇನ್ನೊಬ್ಬ ಭೂವಿಜ್ಞಾನಿ ಅದನ್ನು ಅಲ್ಲಗಳೆದರು. ಮುಂದಿನ ಮೂರೂವರೆ ದಶಕ ಎರಡೂ ಕಡೆ ಹಗ್ಗಜಗ್ಗಾಟ. ನೀರಿನ ಜೊತೆ ಒತ್ತಡದಲ್ಲಿಟ್ಟರೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲಿನ ಖನಿಜ, ಸುಮಾರು 650 ಡಿಗ್ರಿಗೇ ಕರಗುತ್ತದೆ ಎಂದು ವಿಜ್ಞಾನಿಗಳಾದ ವೈಲಿ ಮತ್ತು ಟಟಲ್ 1960ರಲ್ಲಿ ಪ್ರಕಟಿಸಿದರು. 1962ರಲ್ಲಿ ಭೂವಿಜ್ಞಾನಿ ಡಾಸನ್ ಲೆಂಗಾಯಿಯ ಲಾವಾದ ವರದಿ ಕೊಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಅಲ್ಲಿಂದಲೇ ಹೊಸ ತಕರಾರು ಶುರುವಾಯಿತು.

ಹೀಗೆ ಕರಗಿ ಮೇಲೆ ಬಂದ ಕಾರ್ಬೊನೇಟ್ ಕಲ್ಲಿಗೆ ಕಾರ್ಬೊನೇಟೈಟ್ ಎಂದು ಹೆಸರು. ಜಗತ್ತಿನ ಹಳೆಯ ಕಾರ್ಬೊನೇಟೈಟ್ ಕಲ್ಲುಗಳಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ. ಸೋಡಿಯಂ ತೀರಾ ಕಡಿಮೆ. ಲೆಂಗಾಯಿಯ ತಾಜಾ ಲಾವಾದಲ್ಲಾದರೋ ಸೋಡಿಯಂ ಆಕ್ಸೈಡ್ ಒಂದೇ ಸುಮಾರು ಮೂರನೇ ಒಂದು ಪಾಲು. ಹಾಗಾದರೆ ಲೆಂಗಾಯಿಯೇ ವಿಚಿತ್ರವೋ, ಹಳೆಯ ಕಲ್ಲುಗಳೇ ಏನನ್ನೋ ಕಳೆದುಕೊಂಡಿವೆಯೋ?

ಸುಳಿವು ಇರುವುದು ಲಾವಾ ಸವೆಯುವ ರೀತಿಯಲ್ಲಿ. ತಾಜಾ ಲಾವಾದಲ್ಲಿ ಎರಡು ಅಪರೂಪದ ಖನಿಜಗಳಿವೆ. ಒಂದು ನ್ಯೆರೆರೈಟ್, ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಹೆಸರಿನದು. ಇನ್ನೊಂದು ಗ್ರೆಗೊರೈಟ್, ಪೂರ್ವ ಆಫ್ರಿಕಾದ ಬಿರುಕು ಕಣಿವೆಯನ್ನು ಅಧ್ಯಯನ ಮಾಡಿದ ಜಾನ್ ವಾಲ್ಟರ್ ಗ್ರೆಗೊರಿಯ ಹೆಸರಿನದು. ಎರಡಕ್ಕೂ ನೀರು ಕಂಡರೆ ಆಗುವುದಿಲ್ಲ. ಗಾಳಿಯ ತೇವ ಸಾಕು, ಕಪ್ಪು ಲಾವಾ ಬೇಗನೆ ಬೂದು ಬಣ್ಣಕ್ಕೆ ತಿರುಗಿ ಬೆಳ್ಳಗಾಗುತ್ತದೆ. ಮಳೆ ಬಿದ್ದರಂತೂ ಇನ್ನೂ ಬೇಗ. ಮೊದಲು ಗ್ರೆಗೊರೈಟ್ ಕರಗಿ ಹೋಗುತ್ತದೆ. ನ್ಯೆರೆರೈಟ್ ನೀರು ಹೀರಿ ಪಿರ್ಸನೈಟ್ ಆಗುತ್ತದೆ. ನೀರು ಇನ್ನೂ ಸೇರಿದರೆ ಗೇಲುಸೈಟ್. ತಮಾಷೆಯೆಂದರೆ ಪಿರ್ಸನೈಟ್ ಮೊದಲು ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಸರ್ಲ್ಸ್ ಎಂಬ ಒಣಗಿದ ಕೆರೆಯಲ್ಲಿ. ಕೆರೆಯ ತಳದ ಉಪ್ಪು ಬೆಟ್ಟದ ತುದಿಯಲ್ಲಿ! ಕೊನೆಗೆ ಸೋಡಿಯಂ ಎಲ್ಲ ತೊಳೆದುಹೋಗಿ ಕ್ಯಾಲ್ಸೈಟ್ ಮಾತ್ರ ಉಳಿಯುತ್ತದೆ. ಎಷ್ಟೋ ಸಲ ಅದು ಹಳೆಯ ನ್ಯೆರೆರೈಟ್ ಹರಳಿನ ಆಕಾರದಲ್ಲೇ ಕೂತಿರುತ್ತದೆ. ಅಂಗಿ ಹಳೆಯದು, ಒಳಗಿನ ಆಸಾಮಿ ಬೇರೆ.

ಹಾಗಾಗಿ ಮಾದರಿ ತರುವುದೇ ದೊಡ್ಡ ಕೆಲಸ. ಗಾಳಿಯಾಡದಂತೆ ಮುಚ್ಚಿಡದಿದ್ದರೆ ಪ್ರಯೋಗಾಲಯ ತಲುಪುವುದು ಬೇರೆಯೇ ಕಲ್ಲು.

1980ರ ದಶಕದಲ್ಲಿ ಇದೇ ತರ್ಕ ಪಕ್ಕದ ಕೆರಿಮಾಸಿ ಜ್ವಾಲಾಮುಖಿಯ ಬೂದಿಗೂ ಪಶ್ಚಿಮ ಕೀನ್ಯಾದ ಟಿಂಡರೆಟ್ ಕಲ್ಲುಗಳಿಗೂ ಅನ್ವಯವಾಯಿತು. ಇವೂ ಒಂದು ಕಾಲಕ್ಕೆ ಸೋಡಾ ಲಾವಾ ಆಗಿದ್ದವು, ಸವೆದು ಕ್ಯಾಲ್ಸೈಟ್ ಆದವು ಎಂಬ ವಾದ ಬಂತು. ಅಲ್ಲಿಯವರೆಗೆ ಸರಿ. ಆದರೆ ನೆಲದ ಆಳದಲ್ಲಿ ಹೆಪ್ಪುಗಟ್ಟಿದ ಕಲ್ಲುಗಳಿಗೂ ಅದೇ ವಿವರಣೆ ಎಳೆಯುವುದು ಜಾಸ್ತಿಯಾಯಿತು ಅನಿಸುತ್ತದೆ. ಅಷ್ಟು ಆಳಕ್ಕೆ ಮಳೆ ಎಲ್ಲಿಂದ ಬರಬೇಕು? ಅಲ್ಲಿ ಸೋಡಿಯಂ ಕಳೆಯುವ ದಾರಿ ಬೇರೆ. ಕರಗಿದ ಕಾರ್ಬೊನೇಟ್‌ನಿಂದ ಬಿಸಿ ದ್ರವ ಸುತ್ತಲಿನ ಬಂಡೆಗೆ ಇಳಿದು ಸೋಡಿಯಂ, ಪೊಟ್ಯಾಸಿಯಂ ಸುರಿಯುತ್ತದೆ. ಹಾಗೆ ಬದಲಾದ ಬಂಡೆಗೆ ಫೆನೈಟ್ ಎಂದು ಹೆಸರು. ಅದೂ ಆ ಫೆನ್‌ನಿಂದಲೇ ಬಂದದ್ದು. ಮಳೆಗೆ ತೊಳೆದುಹೋದ ಸೋಡಾ, ಬಂಡೆಗೆ ಇಂಗಿದ ಸೋಡಾ, ಎರಡನ್ನೂ ಒಂದೇ ಲೆಕ್ಕಕ್ಕೆ ಬರೆದಿದ್ದರಿಂದಲೇ ಅರ್ಧ ಗೊಂದಲ.

2007ರಲ್ಲಿ ಲೆಂಗಾಯಿ ಸ್ಫೋಟಿಸಿ ಹಳೆಯ ಕುಳಿ ಹೋಯಿತು. ಅದರ ಜಾಗದಲ್ಲಿ ಆಳವಾದ ಗುಂಡಿ ಬಿತ್ತು. ಒಳಗೆ ಕಪ್ಪು ಲಾವಾ ಮತ್ತೆ ಬಂದಿದೆ, ಇಳಿದು ತರುವುದು ಮೊದಲಿನಷ್ಟು ಸುಲಭವಲ್ಲ. ಅತ್ತ ಕೆರಿಮಾಸಿಯ ಕಲ್ಲಿನಲ್ಲಿ, ಬೇರೆ ಹರಳುಗಳೊಳಗೆ ಸಿಕ್ಕಿಬಿದ್ದ ಸಣ್ಣ ಕಣಗಳಲ್ಲಿ ನ್ಯೆರೆರೈಟ್ ಸಿಕ್ಕಿದೆ. ಅಲ್ಲಿಗೆ ಮಳೆ ಮುಟ್ಟಿಲ್ಲ. ಸೋಡಾ ಇತ್ತು ಎಂಬುದು ಅದರಿಂದ ಗೊತ್ತಾಗುತ್ತದೆ. ಯಾವ ದಾರಿ ಹಿಡಿದು ಹೋಯಿತು ಎಂದು ಮಾತ್ರ ಆ ಕಣ ಹೇಳುವುದಿಲ್ಲ.